ನೀರು ಒಳಗೆ ಬರಬೇಕಾದ ಅಂಗಳ

ಬಬಲೇಶ್ವರದಲ್ಲಿ ಹೆರಿಗೆ ದವಾಖಾನೆ ಎದ್ದದ್ದು ಅರವತ್ತೊಂದನೆಯ ಇಸವಿಯಲ್ಲಿ. ಗೋಡೆ ಕಟ್ಟಿದವರು ಬೇರೆ, ಚಾವಣಿ ಹಾಕಿದವರು ಬೇರೆ. ರಸ್ತೆಯಿಂದ ಹೊರಗೋಡೆಯ ಬಾಗಿಲವರೆಗಿನ ಬಂಡಿದಾರಿಗೆ, ಬಾಗಿಲಿಂದ ಪಡಸಾಲೆಗೆ ಹೋಗುವ ಕಾಲುದಾರಿಗೆ, ಅದರ ಎರಡೂ ಬದಿಯ ಅಂಗಳಕ್ಕೆ ಫರಸಿ ಕಲ್ಲು ಹಾಸಿದವರು ಮಾತ್ರ ನಾವು ಮೂವರು: ನನ್ನ ಮಾವ ಪರಸಪ್ಪ, ನನ್ನ ಗಂಡ, ಮತ್ತು ನಾನು. ನಮ್ಮ ಊರು ತಿಕೋಟಾ. ಕೆಲಸ ಮುಗಿಯುವವರೆಗೆ ದವಾಖಾನೆಯ ಗೋಡೆಯ ಹೊರಗೆ ಜೋಳದ ದಂಟಿನ ಗುಡಿಸಲು ಹಾಕಿಕೊಂಡಿದ್ದೆವು.

ಅದು ಮಾವನ ಸ್ವಂತ ಹೆಸರಿನಲ್ಲಿ ಸಿಕ್ಕ ಮೊದಲ ಕೆಲಸ. ಅದಕ್ಕೂ ಮುಂಚೆ ನಲವತ್ತು ವರ್ಷ ಅವರು ಹಾಸಿದ ಕಲ್ಲೆಲ್ಲ ಗುತ್ತೇದಾರ ಗೊಲ್ಲಾಳಪ್ಪನ ಹೆಸರಿನಲ್ಲಿ, ಅದಕ್ಕೂ ಮುಂಚೆ ಗೊಲ್ಲಾಳಪ್ಪನ ಅಪ್ಪನ ಹೆಸರಿನಲ್ಲಿ ನಡೆದಿತ್ತು. ಯಾರ ಮನೆಯ ಅಂಗಳ ನೋಡಿ ಯಾರೇ ಹೊಗಳಿದರೂ ಗೊಲ್ಲಾಳಪ್ಪನ ಫರಸಿ ಎಂದೇ ಹೊಗಳುತ್ತಿದ್ದರು. ಸರಕಾರಿ ಓವರ್ಸಿಯರ ಬಸಲಿಂಗಯ್ಯನವರು ಒಮ್ಮೆ ತಿಕೋಟಾಕ್ಕೆ ಬಂದಾಗ ಮಾವನ ಕೈ ನೋಡಿದ್ದರು. ಬಬಲೇಶ್ವರದ ಕೆಲಸವನ್ನು ನೇರವಾಗಿ ಅವರಿಗೇ ಕೊಟ್ಟರು. ಇದು ನೆಟ್ಟಗಾದರೆ ವಿಜಾಪುರದಲ್ಲಿ ಒಂದು ವರ್ಷದ ಕಾಲುದಾರಿ ಕೆಲಸ ಇದೆ, ಅದೂ ನಿನ್ನ ಹೆಸರಿಗೇ; ಕೆಟ್ಟರೆ ಮತ್ತೆ ಗೊಲ್ಲಾಳಪ್ಪನ ಕಡೆಗೇ ಹೋಗಬೇಕಾಗುತ್ತದೆ ಎಂದು ಹೇಳಿದ್ದರು. ಮಾವನಿಗೆ ಆಗ ಅರವತ್ತು ದಾಟಿತ್ತು. ಕುಂತರೆ ಏಳಲು ಮೊಣಕಾಲು ಬಿಡುತ್ತಿರಲಿಲ್ಲ. ಇನ್ನೊಂದು ಸಲ ಇಂಥ ಮಾತು ಬರುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆ ಊರಿನದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಹಿಟ್ಟು ಉಬ್ಬಿದ ಹಾಗೆ ಉಬ್ಬುತ್ತದೆ. ಅದರ ಮೇಲೆ ನೇರವಾಗಿ ಕಲ್ಲು ಹಾಸಿದರೆ ಎರಡನೆಯ ವರ್ಷಕ್ಕೇ ಒಂದು ಕಲ್ಲು ಮೂಗು ಎತ್ತುತ್ತದೆ, ಒಂದು ತಗ್ಗುತ್ತದೆ. ಆದ್ದರಿಂದ ಮೊದಲು ಮೊಳದಷ್ಟು ಆಳ ಎರೆ ಮಣ್ಣು ತೆಗೆದು ಹಾಕಿದೆವು. ಅಲ್ಲಿಗೆ ಕೆಂಪು ಗರಸು ತುಂಬಿ, ನೀರು ಹೊಡೆದು, ದಿಮ್ಮಸಿನಿಂದ ಕುಟ್ಟಿದೆವು. ಗರಸು ಹೊತ್ತವಳು ನಾನು, ಕುಟ್ಟಿದವನು ನನ್ನ ಗಂಡ. ಬಂಡಿದಾರಿಗೆ ದಪ್ಪ ಕಲ್ಲುಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಹೂಳಿದೆವು. ಬಸುರಿಯನ್ನು ಹೊತ್ತ ಬಂಡಿ ಅದರ ಮೇಲೆ ಕುಲುಕಬಾರದು ಎಂದು ಮಾವ ಒಂದೊಂದು ಕಲ್ಲಿನ ತಲೆಯನ್ನೂ ಅಂಗೈಯಿಂದ ಸವರಿ ನೋಡಿದರು. ಬಸಲಿಂಗಯ್ಯನವರು ಬಂದು ಅದನ್ನು ನೋಡಿ ಒಪ್ಪಿ ಹೋದರು.

ಆಮೇಲೆ ಒಳಗಿನ ಅಂಗಳ. ತಾಳಿಕೋಟಿಯಿಂದ ಬಂದ ಬೂದು ಬಣ್ಣದ ಫರಸಿ, ಎರಡು ಫೂಟಿನ ಚೌಕ. ಇಲ್ಲಿ ನಮ್ಮ ಕೆಲಸದ ರೀತಿ ಹೇಳಬೇಕು. ನಾವು ಯಾವ ಊರಿನಲ್ಲಿ ಯಾವ ದೊಡ್ಡ ಮನೆಗೆ ಹೋದರೂ ಒಳಗಿನ ಹೊಸ್ತಿಲಿನ ಬುಡದಿಂದ ಶುರು ಮಾಡುತ್ತಿದ್ದೆವು. ಹಿಂದೆ ಹಿಂದೆ ಸರಿಯುತ್ತ ಬಂದು ಕೊನೆಯ ಕಲ್ಲನ್ನು ಬೀದಿಯಲ್ಲಿ ಕೂತು ಹಾಕುತ್ತಿದ್ದೆವು. ಯಾಕೆಂದರೆ ಆ ಮನೆಗಳಲ್ಲಿ ಕಲ್ಲು ಹಾಕುವವರೆಗೆ ನಮ್ಮ ಕಾಲಿಗೆ ಯಾರ ತಕರಾರೂ ಇರುತ್ತಿರಲಿಲ್ಲ. ಹಾಕಿದ ಮೇಲೆ ಸೆಗಣಿ ನೀರು ಚಿಮುಕಿಸಿ ತೊಳೆದುಬಿಟ್ಟರೆ ಮುಗಿಯಿತು, ಆ ಕಲ್ಲಿನ ಮೇಲೆ ನಮ್ಮ ಕೇರಿಯವರು ಕಾಲಿಡುವ ಹಾಗಿಲ್ಲ. ಒಳಗೆ ಸುತ್ತಿಗೆ ಮರೆತು ಬಂದರೆ ಬೇಡಿ ಎಸೆಸಿಕೊಳ್ಳಬೇಕು. ಮಾವ ನಲವತ್ತು ವರ್ಷದಲ್ಲಿ ಕಲ್ಲು ಕೆತ್ತುವ ಒಂದು ಚಾಣವನ್ನೂ ಮರೆತವರಲ್ಲ. ಮನೆಗಳ ನೀರು ಕೂಡ ಒಳಗಿನಿಂದ ಬೀದಿಯ ಗಟಾರಕ್ಕೇ ಹೋಗಬೇಕಾದ್ದು. ಹೀಗಾಗಿ ನಾವು ಹೊರಬಿದ್ದ ದಾರಿಯಲ್ಲೇ ನೀರೂ ಹೊರಬೀಳುತ್ತಿತ್ತು. ಎರಡು ಗಜಕ್ಕೆ ಒಂದು ಬೆರಳು ಇಳಿತ. ದಾರ ಕಟ್ಟದೆಯೂ ಅವರ ಕೈಗೆ ಅದು ತಿಳಿಯುತ್ತಿತ್ತು.

ದವಾಖಾನೆಯಲ್ಲಿ ಬೇರೆ ಲೆಕ್ಕ ಇತ್ತು. ಪಡಸಾಲೆಯ ಮೆಟ್ಟಿಲ ಬಳಿ ನೆಲದೊಳಗೆ ಒಂದು ನೀರಿನ ಟಾಕಿ ಕಟ್ಟಿದ್ದರು. ಆ ಊರಿನ ಬಾವಿ ಬೇಸಿಗೆಗೆ ತಳ ಕಾಣುತ್ತದೆ. ಅಂಗಳದ ಮೇಲೆ ಬಿದ್ದ ಮಳೆ ನೀರೆಲ್ಲ ಆ ಟಾಕಿಗೆ ಇಳಿಯಬೇಕು, ಬಾಣಂತಿಯರ ಬಟ್ಟೆ ಒಗೆಯಲು, ನೆಲ ತೊಳೆಯಲು ಅದೇ ನೀರು. ಬಸಲಿಂಗಯ್ಯನವರು ನಕಾಶೆಯ ಮೇಲೆ ಬೆರಳಿಟ್ಟು ಇದನ್ನು ತಿಳಿಸಿದ್ದರು. ನಕಾಶೆ ನಮಗೆ ಯಾರಿಗೂ ಓದಲು ಬರುತ್ತಿರಲಿಲ್ಲ, ಆದರೆ ಮಾತು ತಿಳಿದಿತ್ತು. ಮಾವ ಹೂಂ ಅಂದಿದ್ದರು. ನಾವೂ ಕೇಳಿದ್ದೆವು.

ಕೇಳಿಯೂ ಮಾವ ಎದ್ದು ಹೋಗಿ ಪಡಸಾಲೆಯ ಮೆಟ್ಟಿಲ ಬುಡದಲ್ಲಿ ಕೂತರು. ನನ್ನ ಗಂಡ ಅಲ್ಲಿಗೇ ಕಲ್ಲು ತಂದ, ನಾನು ಅಲ್ಲಿಗೇ ಸುಣ್ಣ ಮರಳು ಕಲಸಿ ತಂದೆ. ಟಾಕಿಯ ಬಾಯಿಗೆ ಹಲಗೆ ಮುಚ್ಚಿ ಅದರ ಮೇಲೆ ಮರಳು ರಾಶಿ ಹಾಕಿದ್ದರು. ಅಷ್ಟು ಜಾಗ ಬಿಟ್ಟು ಸುತ್ತ ಹಾಸಿದೆವು. ಒಳಗಡೆ ಎತ್ತರ ಸಾಲದೆಂದು ಗರಸು ಏರಿಸಿದೆವು. ಕೆಳಗಿನ ಒಂದು ಮೆಟ್ಟಿಲು ಅದರಲ್ಲಿ ಹೂತೇ ಹೋಯಿತು. ಅಡಿಪಾಯದ ಕಲ್ಲಿರಬೇಕು ಎಂದುಕೊಂಡೆವು. ಹನ್ನೊಂದು ದಿನ ಹಿಂದೆ ಹಿಂದೆ ಸರಿದು ಬಾಗಿಲಿಗೆ ಬಂದೆವು. ಬುಧವಾರ ಸಂಜೆ ಬಾಗಿಲ ಹೊರಗೆ ಕೂತು ಮಾವ ಕೊನೆಯ ಕಲ್ಲು ಕೂರಿಸಿದರು. ಕಲ್ಲು ಕಲ್ಲಿನ ನಡುವಿನ ಸಂದಿಗೆ ಗಚ್ಚು ತುಂಬುವುದೊಂದೇ ಉಳಿಯಿತು. ಸೋಮವಾರ ಓವರ್ಸಿಯರು ಬರುವವರಿದ್ದರು.

ಗುರುವಾರ ಬೆಳಿಗ್ಗೆ ಸಂದಿಗಳ ಧೂಳು ತೊಳೆಯಲು ನಾನು ಒಂದು ಕೊಡ ನೀರು ತಂದೆ. ದವಾಖಾನೆಗೆ ಆಗಲೇ ನರ್ಸಬಾಯಿ ಬಂದಿದ್ದಳು, ವಿಜಾಪುರದ ಸಬೀರಾ. ಹಾಸಿಗೆ, ಪಾತ್ರೆ, ಔಷಧದ ಪೆಟ್ಟಿಗೆ ಜೋಡಿಸುತ್ತ ಒಬ್ಬಳೇ ಇದ್ದಳು. ಅವಳು ಪಡಸಾಲೆಯಿಂದ ಕರೆದು, ಒಳಗಿನಿಂದಲೇ ತೊಳೆಯುತ್ತ ಹೋಗು ಎಂದಳು. ನಾನು ಮೆಟ್ಟಿಲ ಬಳಿ ನಿಂತು ನೀರು ಸುರಿದೆ. ನೀರು ನನ್ನ ಕಾಲು ಸುತ್ತಿಕೊಂಡು, ಟಾಕಿಯ ಕಡೆ ತಿರುಗಿ ಕೂಡ ನೋಡದೆ, ನೆಟ್ಟಗೆ ಬಾಗಿಲಿಗೆ ಹೋಯಿತು. ಬಾಗಿಲ ಹೊರಗೆ ಬಂಡಿದಾರಿಯ ಮೇಲೆ ಹರಿದು ರಸ್ತೆಯ ಧೂಳಿನಲ್ಲಿ ಇಂಗಿತು.

ನಾನು ಬರಿ ಕೊಡ ಹಿಡಿದು ಬಹಳ ಹೊತ್ತು ನಿಂತಿದ್ದೆ ಅಂತ ಕಾಣುತ್ತದೆ. ಸಬೀರಾ ಮತ್ತೊಮ್ಮೆ ಕರೆದಳು. ನಾನು ಹೊರಗೆ ಬಂದೆ.

ಗಂಡನಿಗೆ ಹೇಳಿದೆ. ಅವನು ಮೊದಲು ನಂಬಲಿಲ್ಲ, ಆಮೇಲೆ ತಾನೇ ಹೋಗಿ ದಾರ ಹಿಡಿದು ನೋಡಿ ಬಂದ. ಬಂದವನು ಗುಡಿಸಲಿನ ಹಿಂದೆ ನನ್ನನ್ನು ಕರೆದುಕೊಂಡು ಹೋಗಿ ದನಿ ತಗ್ಗಿಸಿದ. ಓವರ್ಸಿಯರು ಬರುತ್ತಾರೆ, ಕಲ್ಲು ಮಟ್ಟಸ ಕೂತಿದೆಯೋ ಇಲ್ಲವೋ ನೋಡುತ್ತಾರೆ, ಈ ಬಿಸಿಲಿನಲ್ಲಿ ನೀರು ಯಾರು ಸುರಿದು ನೋಡುತ್ತಾರೆ ಎಂದ. ಮಳೆ ಬಂದಾಗ ಏನು ಮಾಡುತ್ತೀ ಎಂದು ಕೇಳಿದೆ. ಮಳೆ ಬರುವಷ್ಟರಲ್ಲಿ ವಿಜಾಪುರದ ಕೆಲಸ ಕೈಗೆ ಬಂದಿರುತ್ತದೆ ಎಂದ.

"ಯಪ್ಪಗ ಹೇಳಬ್ಯಾಡ," ಅಂದ ಕೊನೆಗೆ. "ಅಂವ ಕಲ್ಲ ಕಿತ್ತಾನ, ಅಲ್ಲಂದ್ರ ಕುಂತಲ್ಲೆ ಕುಂತಾನ. ಎರಡೂ ನಮಗ ಆಗೂದಿಲ್ಲ."

ಅವನ ಮಾತಿನಲ್ಲಿ ಕಪಟ ಇರಲಿಲ್ಲ. ಅಪ್ಪನ ಮುಖ ಸಣ್ಣದಾಗುವುದನ್ನು ಅವನು ನೋಡಲಾರ. ನಾನೂ ನೋಡಲಾರೆ. ಆದರೆ ಸಂದಿಗೆ ಗಚ್ಚು ತುಂಬಿ ಅದು ಕಚ್ಚಿಕೊಂಡರೆ ಆಮೇಲೆ ಆ ಕಲ್ಲುಗಳನ್ನು ಒಡೆಯದೆ ಎತ್ತಲು ಬರುವುದಿಲ್ಲ. ಹೇಳುವುದಾದರೆ ಅವತ್ತೇ ಹೇಳಬೇಕು. ಮಾವ ಗುಡಿಸಲ ಮುಂದೆ ಗಚ್ಚು ಕಲಸಲು ಸುಣ್ಣ ಜರಡಿ ಹಿಡಿಯುತ್ತಿದ್ದರು.

ನಾನು ಬಾವಿಗೆ ಹೋಗಿ ಇನ್ನೊಂದು ಕೊಡ ತಂದೆ. ಮಾವನ ಮುಂದೆ ಇಟ್ಟೆ.

"ಮಾವಾರ, ಈ ಒಂದ ಕೊಡ ನೀವ ಹಾಕ್ರಿ," ಅಂದೆ. "ಮೆಟ್ಲದ ಕಡಿಂದ."

ಅವರು ಜರಡಿ ಕೆಳಗಿಟ್ಟರು. ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು, ಅವನು ಆ ಕಡೆ ತಿರುಗಿಕೊಂಡ. ಕೊಡ ಎತ್ತಿಕೊಂಡು ಗೋಡೆಯ ಬದಿಯ ಮಣ್ಣಿನ ಅಂಚಿನಲ್ಲೇ ನಡೆದು ಒಳಗೆ ಹೋದರು. ಕಲ್ಲಿನ ಮೇಲೆ ಹೋಗಲಿಲ್ಲ. ಮೆಟ್ಟಿಲ ಬಳಿ ಕೊಡ ಬಗ್ಗಿಸಿದರು. ನೀರು ಅವರಿಗಿಂತ ಮುಂಚೆ ಬಾಗಿಲಿಗೆ ಬಂತು.

ತಿರುಗಿ ಬಂದು ಗುಡಿಸಲ ನೆರಳಿನಲ್ಲಿ ಕೂತರು. ತಂಬಾಕು ತಿಕ್ಕಿದರು, ಬಾಯಿಗೆ ಹಾಕಲಿಲ್ಲ, ಅಂಗೈಯಲ್ಲೇ ಇತ್ತು. ನಾವಿಬ್ಬರೂ ನಿಂತೇ ಇದ್ದೆವು. ಅಷ್ಟರಲ್ಲಿ ಸಬೀರಾ ಬಾಗಿಲಿಗೆ ಬಂದು ರಸ್ತೆಯ ಮೇಲಿನ ಒದ್ದೆ ನೋಡಿದಳು, ಒಳಗಿನ ಟಾಕಿಯ ಕಡೆ ನೋಡಿದಳು. ಅವಳಿಗೂ ತಿಳಿಯಿತು. ಅವಳು ಬಯ್ಯುತ್ತಾಳೆ ಎಂದು ನಾನು ಕಾದೆ. ಅವಳು ಮಾವನ ಕಡೆ ನೋಡಿ ಒಳಗೆ ಹೋದಳು.

"ನಲವತ್ತ ವರ್ಷ ಹೊರಗ ಹೋಗೂದ ಅಷ್ಟ ಮಾಡೇನಿ," ಅಂದರು ಮಾವ, ಯಾರಿಗೂ ಅಲ್ಲದ ಹಾಗೆ. "ನೀರಿಗೂ ಅದನ್ನ ಕಲಿಸಿಬಿಟ್ಟೇನಿ ನೋಡವ್ವಾ."

ಆಮೇಲೆ ತಂಬಾಕು ಬಾಯಿಗೆ ಹಾಕಿಕೊಂಡು, ಮಗನ ಹೆಗಲು ಹಿಡಿದು ಎದ್ದರು.

"ಮರೆಪ್ಪಾ, ಹಾರಿ ತೊಗೊಂಬಾ."

ಕಲ್ಲು ಎತ್ತುವುದು ಹಾಸುವುದಕ್ಕಿಂತ ನಾಜೂಕಿನ ಕೆಲಸ. ಕಬ್ಬಿಣದ ಹಾರಿಯ ತುದಿಯನ್ನು ಸಂದಿಯಲ್ಲಿ ತೂರಿಸಿ, ಅದರ ಕೆಳಗೆ ಒಂದು ಮರದ ತುಂಡು ಕೊಟ್ಟು, ಉಸಿರು ಹಿಡಿದು ಮೀಟಬೇಕು. ಅವಸರ ಮಾಡಿದರೆ ಮೂಲೆ ಹಾರುತ್ತದೆ. ಕೆಲವು ಮೂಲೆ ಹಾರಿದವು ಕೂಡ. ಎತ್ತಿದ ಕಲ್ಲುಗಳನ್ನು ಸಾಲು ತಪ್ಪದ ಹಾಗೆ ಗೋಡೆಗೆ ಆನಿಸಿ ನಿಲ್ಲಿಸಿದೆವು. ಮೊದಲ ಸಲ ಹಾಸುವಾಗ ಹೆಚ್ಚು ದಿನ ತಿಂದದ್ದು ಕೆತ್ತುವ ಕೆಲಸವೇ. ಈಗ ಪ್ರತಿ ಕಲ್ಲಿಗೂ ತನ್ನ ಜಾಗ, ತನ್ನ ನೆರೆಯ ಕಲ್ಲು ಗೊತ್ತಿತ್ತು. ಆ ಒಂದು ನೆಮ್ಮದಿ ಇತ್ತು.

ಬಾಗಿಲ ಸಾಲನ್ನು ಮಾತ್ರ ಮುಟ್ಟಲಿಲ್ಲ. ಅದು ಬಂಡಿದಾರಿಗೆ ಸಮ ಕೂತಿತ್ತು, ಬಂಡಿದಾರಿಯನ್ನು ಓವರ್ಸಿಯರು ಒಪ್ಪಿ ಆಗಿತ್ತು. ಆದ್ದರಿಂದ ಬಾಗಿಲಿನಿಂದ ಶುರು ಮಾಡಿ ಒಳಗೆ ಇಳಿಯುತ್ತ ಹೋಗಬೇಕು. ಒಳಗಡೆ ಏರಿಸಿದ್ದ ಗರಸನ್ನು ನಾನು ಗುದ್ದಲಿಯಿಂದ ತೆಗೆದೆ. ಹೂತುಹೋಗಿದ್ದ ಮೆಟ್ಟಿಲು ಕಾಣಿಸಿತು. ನಯವಾಗಿ ಕೆತ್ತಿದ ಕಲ್ಲು, ಅಡಿಪಾಯದ್ದಲ್ಲ. ಅದನ್ನು ನೋಡಿ ನನ್ನ ಗಂಡ ತಲೆ ಕೆರೆದುಕೊಂಡ. ಟಾಕಿಯ ಮೇಲಿನ ಮರಳನ್ನೂ ಸರಿಸಿದೆವು. ಟಾಕಿಯ ಬಾಯಿ ನಮ್ಮ ಹಳೆಯ ಕಲ್ಲಿಗಿಂತ ಒಂದು ಗೇಣು ಕೆಳಗೇ ಇತ್ತು. ಅಲ್ಲೇ ಇದ್ದರೂ ಹನ್ನೊಂದು ದಿನ ನಾವು ಯಾರೂ ಅದನ್ನು ನೋಡಿರಲಿಲ್ಲ.

ಮಾವ ಈ ಸಲ ದಾರ ಕಟ್ಟಿದರು. ಕೈಯನ್ನು ನಂಬಲಿಲ್ಲ. ಬಾಗಿಲ ಸಾಲಿನಿಂದ ಟಾಕಿಯ ಬಾಯಿವರೆಗೆ ಮೂರು ದಾರ, ಎಲ್ಲವೂ ಒಳಗೆ ಇಳಿಯುವಂತೆ. ಪ್ರತಿ ಕಲ್ಲು ಕೂರಿಸಿದ ಮೇಲೆ ಸುತ್ತಿಗೆಯ ಹಿಡಿಕೆಯಿಂದ ಮೆಲ್ಲಗೆ ತಟ್ಟಿ ಕಿವಿ ಕೊಡುತ್ತಿದ್ದರು. ಪೊಳ್ಳು ದನಿ ಬಂದರೆ ಎತ್ತಿಸಿ ಕೆಳಗೆ ಇನ್ನಷ್ಟು ಸುಣ್ಣ ಮರಳಿನ ಕಲಸು ಹಾಕಿಸುತ್ತಿದ್ದರು. ಮುಖ ಹೊರಗೆ ಮಾಡಿ ಕೂತರೆ ಅವರಿಗೆ ಕೈ ಓಡುತ್ತಿರಲಿಲ್ಲ. ನಡುನಡುವೆ ಎದ್ದು, ಅಭ್ಯಾಸದಿಂದ ಬಾಗಿಲಿಗೆ ಬೆನ್ನು ಮಾಡಿ ಕೂತುಬಿಡುತ್ತಿದ್ದರು. ಆಮೇಲೆ ತಾವೇ ನಕ್ಕು ಮತ್ತೆ ಈ ಕಡೆ ತಿರುಗುತ್ತಿದ್ದರು.

ಶನಿವಾರ ಮಧ್ಯಾಹ್ನ ಗೊಲ್ಲಾಳಪ್ಪ ಸೈಕಲ್ ಮೇಲೆ ಬಂದ. ಅವನಿಗೆ ಬಬಲೇಶ್ವರದಲ್ಲಿ ಬೀಗರ ಮನೆ ಇತ್ತು, ಆದರೆ ಬಂದದ್ದು ನಮ್ಮನ್ನು ನೋಡುವುದಕ್ಕೇ ಎಂದು ನನಗೆ ಅನ್ನಿಸಿತು. ಧೋತರದ ಅಂಚು ಹಿಡಿದು ಬಾಗಿಲಲ್ಲಿ ನಿಂತ. ಗೋಡೆಗೆ ಆನಿಸಿದ ಕಲ್ಲು, ಅರ್ಧ ಬರಿದಾದ ಅಂಗಳ, ಎಲ್ಲ ನೋಡಿದ. ಕೆಲಸ ಬಲ್ಲ ಮನುಷ್ಯ, ಹೇಳಿಸಿಕೊಳ್ಳಬೇಕಾಗಿರಲಿಲ್ಲ.

"ಏನಲೇ ಪರಸ್ಯಾ, ಹಾಕಿದ್ದ ಕೀಳಾಕತ್ತಿ?" ಅಂದ. "ನನ್ನ ಕಡೆ ಇದ್ದಾಗ ಒಂದ ಕಲ್ಲ ಕಿತ್ತಿದ್ದಿಲ್ಲ ನೀ."

ನನ್ನ ಗಂಡನ ಕೈಯಲ್ಲಿ ಹಾರಿ ಇತ್ತು. ಅವನು ಅದನ್ನು ನೆಲಕ್ಕೆ ಊರಿ ನಿಂತದ್ದು ನನಗೆ ಸರಿ ಕಾಣಲಿಲ್ಲ. ಮಾವ ಕೂತಲ್ಲಿಂದ ಏಳಲಿಲ್ಲ.

"ನಿಮ್ಮ ಹೆಸರಲೆ ಇದ್ದಿದ್ರ ಬಿಟ್ಟಬಿಡ್ತಿದ್ನಿರಿ ಯಪ್ಪಾ," ಅಂದರು. "ಇದು ನನ್ನ ಹೆಸರಲೆ ಐತಿ. ಅದಕ್ಕ ಕೀಳಾಕತ್ತೇನ್ರಿ."

ಗೊಲ್ಲಾಳಪ್ಪ ಸೈಕಲ್ ಕಡೆ ತಿರುಗಿದ. ಮುಂದಿನ ವಾರ ಬಿಜ್ಜರಗಿಯಲ್ಲಿ ಒಂದು ಅಂಗಳದ ಕೆಲಸ ಇದೆ, ಸೋಮವಾರ ಇಲ್ಲಿ ಏನಾಗುತ್ತದೋ ನೋಡಿಕೊಂಡು ಬಾ, ನಿನ್ನ ಜಾಗ ಇನ್ನೂ ಖಾಲಿ ಇಟ್ಟಿದ್ದೇನೆ ಎಂದ. ಅದು ಕನಿಕರವೋ ಚುಚ್ಚು ಮಾತೋ ನನಗೆ ಈಗಲೂ ಗೊತ್ತಿಲ್ಲ. ಎರಡೂ ಇದ್ದಿರಬೇಕು. ಅವನು ಹೋದ ಮೇಲೆ ಮಾವ ಮತ್ತೆ ದಾರದ ಕಡೆ ಬಗ್ಗಿದರು. ಅವತ್ತು ಸಂಜೆ ಬೆಳಕು ಇರುವವರೆಗೆ ಎರಡು ಸಾಲು ಹೆಚ್ಚು ಹಾಕಿದರು.

ಭಾನುವಾರ ಹೊತ್ತು ಇಳಿಯುವಾಗ ಕೊನೆಯ ಕಲ್ಲು ಬಿತ್ತು. ಟಾಕಿಯ ಬಾಯಿಗೆ ಹತ್ತಿದ ಕಲ್ಲು, ಪಡಸಾಲೆಯ ಮೆಟ್ಟಿಲಿನಿಂದ ಒಂದು ಹೆಜ್ಜೆ. ಸಾಮಾನು ಎತ್ತಿಕೊಂಡ ಮೇಲೆ ಮೂವರೂ ಅಲ್ಲೇ ನಿಂತೆವು. ಹಿಂದೆ ಕಟ್ಟಡ, ಮುಂದೆ ಉದ್ದಕ್ಕೂ ನಮ್ಮ ಕಲ್ಲು, ಅದರಾಚೆ ಬಾಗಿಲು. ಕೆಲಸ ಮುಗಿದಾಗ ಒಳಗೆ ಉಳಿದದ್ದು ನಮಗೆ ಅದೇ ಮೊದಲು. ನನ್ನ ಗಂಡ ಹಾರಿ ಹೆಗಲಿಗೇರಿಸಿ ಕಲ್ಲಿನ ಮೇಲೆ ದಡದಡ ನಡೆದುಹೋದ. ನಾನೂ ಬುಟ್ಟಿ ಹೊತ್ತು ಅವನ ಹಿಂದೆ ಹೋದೆ. ಕಲ್ಲು ಇನ್ನೂ ಬೆಚ್ಚಗಿತ್ತು. ತಿರುಗಿ ನೋಡಿದರೆ ಮಾವ ಇರಲಿಲ್ಲ. ಬಟ್ಟೆ ಒಗೆಯುವ ಕಟ್ಟೆಯ ಕಡೆ ಒಂದು ಕಿಂಡಿಬಾಗಿಲು ಇತ್ತು, ಅದರಲ್ಲಿ ಹಾಯ್ದು ಇಡೀ ಗೋಡೆ ಸುತ್ತಿಕೊಂಡು ಗುಡಿಸಲಿಗೆ ಬಂದರು.

ಸೋಮವಾರ ಬಸಲಿಂಗಯ್ಯನವರು ಹತ್ತು ಗಂಟೆಯ ಸುಮಾರಿಗೆ ಬಂದರು. ತೆಳ್ಳಗಿನ ಮನುಷ್ಯ, ಕಡಿಮೆ ಮಾತು, ಕೈಯಲ್ಲಿ ಛತ್ರಿ, ಕಂಕುಳಲ್ಲಿ ಕಾಗದದ ಚೀಲ. ಕಲ್ಲು ಮಟ್ಟಸ ಇದೆಯೋ ಎಂದು ನೋಡಲಿಲ್ಲ. ನೆಟ್ಟಗೆ ಸಬೀರಾಳನ್ನು ಕರೆದು ನೀರು ಇದೆಯೇ ಎಂದು ಕೇಳಿದರು. ಅವಳು ನಾಲ್ಕು ಕೊಡ ತುಂಬಿಸಿ ಬಾಗಿಲ ಬಳಿಯೇ ಇಟ್ಟಿದ್ದಳು. ನನ್ನ ಗಂಡ ನನ್ನ ಕಡೆ ನೋಡಲಿಲ್ಲ.

ಅವಳು ಮತ್ತು ನಾನು ಎರಡೆರಡು ಕೊಡ ಸುರಿದೆವು. ನೀರು ಬಾಗಿಲ ಸಾಲಿನ ಮೇಲೆ ಕ್ಷಣ ಹೊತ್ತು ಹರಡಿ ನಿಂತಿತು. ಎಲ್ಲಿಗೆ ಹೋಗಲಿ ಎಂದು ವಿಚಾರ ಮಾಡಿದ ಹಾಗೆ. ಆಮೇಲೆ ಒಳಗೆ ತಿರುಗಿತು. ಹಾವಿನ ಹಾಗೆ ಮೂರು ನಾಲ್ಕು ಸಂದಿ ಹಿಡಿದು ಇಳಿಯಿತು, ನಡುವೆ ಕೂಡಿಕೊಂಡಿತು, ಟಾಕಿಯ ಬಾಯಿಗೆ ಮುಟ್ಟಿತು. ಒಳಗೆ ಬರಿ ಟಾಕಿಯ ತಳಕ್ಕೆ ಬಿದ್ದ ಸದ್ದು ಬಾಗಿಲವರೆಗೆ ಕೇಳಿಸಿತು.

ಬಸಲಿಂಗಯ್ಯನವರು ನೋಡುತ್ತಲೇ ಇದ್ದರು. ಸಬೀರಾ ಅಂಗಳದ ನಡುವಿನ ಒಂದು ಕಲ್ಲಿನ ಕಡೆ ಕೈ ಮಾಡಿದಳು. ತಾಟಿನಷ್ಟು ಅಗಲ ನೀರು ಅಲ್ಲಿ ನಿಂತಿತ್ತು.

"ಕಾಕಾ, ಅಲ್ಲೆ ನಿಂತೈತಿ ನೋಡ್ರಿ," ಅಂದಳು ಮಾವನಿಗೆ. "ಹಂಗ ಬಿಟ್ರ ಪಾಚಿ ಹಿಡೀತೈತಿ. ಬಸುರ ಹೆಣಮಕ್ಕಳು ಜಾರಿ ಬಿದ್ರ ನಾ ಏನ ಮಾಡ್ಲಿ?"

ಮಾವ ಬಾಗಿಲ ಹೊರಗೆ ನಿಂತಿದ್ದರು. ಗೋಡೆಯ ಅಂಚು ನೋಡಿದರು. ಅಂಚಿನಿಂದ ಆ ಕಲ್ಲಿಗೆ ಕೈ ಎಟುಕುವ ಹಾಗಿರಲಿಲ್ಲ. ಚಪ್ಪಲಿ ಕಳಚಿ ಬಾಗಿಲಲ್ಲಿ ಬಿಟ್ಟು, ಕಲ್ಲಿನ ಮೇಲೆ ನಡೆದು ಹೋದರು. ಅಲ್ಲಿ ಕೂತು ಕಲ್ಲನ್ನು ತಟ್ಟಿ ಕೇಳಿದರು. ಹಾರಿ ಕೇಳಿದರು, ಕಲ್ಲು ಎತ್ತಿಸಿದರು, ಒಂದು ಹಿಡಿ ಕಲಸು ಒಂದು ಮೂಲೆಗೆ ಕೊಟ್ಟು ಮತ್ತೆ ಕೂರಿಸಿದರು. ಬಸಲಿಂಗಯ್ಯನವರು ಅವರ ಪಕ್ಕದಲ್ಲಿ ಛತ್ರಿ ಊರಿ ನಿಂತು ಅದನ್ನೆಲ್ಲ ನೋಡಿದರು. ಹಾಗೆ ನೋಡುವಾಗ ಕಲ್ಲುಗಳ ಮೂಲೆ ಅಲ್ಲಲ್ಲಿ ಹಾರಿರುವುದು ಅವರ ಕಣ್ಣಿಗೆ ಬಿತ್ತು. ಹೊಸ ಕಲ್ಲಿಗೆ ಹಾರಿಯ ಗಾಯ ಯಾಕೆ ಎಂದು ಕೇಳಿದರು.

ನನ್ನ ಗಂಡ ಬಾಯಿ ತೆರೆದ. ಲಾರಿಯಿಂದ ಇಳಿಸುವಾಗ ಪೆಟ್ಟಾಯಿತು ಎಂದು ಹೇಳುವವನಿದ್ದ, ಅದನ್ನು ಹಿಂದಿನ ದಿನವೇ ನನಗೆ ಹೇಳಿದ್ದ. ಮಾವ ಅವನಿಗಿಂತ ಮುಂಚೆ ಮಾತಾಡಿದರು.

"ಮದಲ ಉಲ್ಟಾ ಹಾಕಿದ್ನಿರಿ," ಅಂದರು. "ನೀರ ಹೊರಗ ಹೊಂಟಿತ್ತರಿ. ಸೊಸಿ ನೋಡಿದಳು. ಕಿತ್ತ ಹಾಕೇವ್ರಿ."

ಮಾತು ಅಷ್ಟೇ. ಬಸಲಿಂಗಯ್ಯನವರು ನನ್ನ ಕಡೆ ಒಮ್ಮೆ ನೋಡಿದರು, ಟಾಕಿಯ ಕಡೆ ನೋಡಿದರು. ಎಷ್ಟು ದಿನದಲ್ಲಿ ಕಿತ್ತು ಹಾಕಿದಿರಿ ಎಂದು ಕೇಳಿದರು. ನಾಲ್ಕು ದಿನ ಎಂದು ನನ್ನ ಗಂಡ ಹೇಳಿದ. ಮೂಲೆ ಹಾರಿದ ಜಾಗಕ್ಕೆ ಗಚ್ಚು ಚೆನ್ನಾಗಿ ತುಂಬಬೇಕು, ಇಲ್ಲದಿದ್ದರೆ ಕಾಲಿಗೆ ತಾಗುತ್ತದೆ ಎಂದರು. ಹೂಂ ಅಂದೆವು. ಅವರು ಪಡಸಾಲೆಯ ಮೆಟ್ಟಿಲ ಮೇಲೆ, ಹೂತುಹೋಗಿದ್ದ ಆ ಮೆಟ್ಟಿಲ ಮೇಲೆಯೇ ಕೂತು, ಚೀಲದಿಂದ ಒಂದು ಕಾಗದ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ವಿಜಾಪುರದ ಕೆಲಸಕ್ಕ ಬರ್ಕೋಬೇಕು," ಅಂದರು. "ಪೂರಾ ಹೆಸರ ಹೇಳಪಾ."

ಮಾವ ಅಂಗಳದ ನಡುವೆಯೇ ಎದ್ದು ನಿಂತಿದ್ದರು. ಹೆಸರು ಹೇಳಿದರು. ಅಪ್ಪನ ಹೆಸರು ಕೇಳಿದಾಗ ಶಾಂತಪ್ಪ ಎಂದರು. ಊರು ತಿಕೋಟಾ ಎಂದರು. ಕಸುಬು ಏನು ಎಂದು ಕೇಳಿದಾಗ ಸ್ವಲ್ಪ ತಡೆದರು. ಅಲ್ಲಿಯವರೆಗೆ ಅವರನ್ನು ಯಾರೂ ಹಾಗೆ ಕೇಳಿರಲಿಲ್ಲ.

"ಫರಸಿ ಹಾಕೂದ್ರಿ," ಅಂದರು.

ಬಸಲಿಂಗಯ್ಯನವರು ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿದರು: ಪರಸಪ್ಪ ಶಾಂತಪ್ಪ, ತಿಕೋಟಾ, ಫರಸಿ ಮಿಸ್ತ್ರಿ. ಹೆಬ್ಬೆಟ್ಟು ಒತ್ತಲು ಕರೆದರು. ಮಾವ ಕೈಯ ಸುಣ್ಣವನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಕಲ್ಲಿನ ಮೇಲೆ ನಡೆದು ಬಂದು ಒತ್ತಿದರು. ಆಮೇಲೆ, ಬೆಳಿಗ್ಗೆ ಕಲಸಿಟ್ಟ ಗಚ್ಚು ಒಣಗುತ್ತದೆ, ಸಂದಿ ತುಂಬಬೇಕು ಎಂದು ಹೇಳಿ ನನ್ನನ್ನು ಕರೆದರು. ನಾನು ಬುಟ್ಟಿ ತಂದೆ. ಟಾಕಿಯ ಬಾಯಿಂದ ಶುರು ಮಾಡಿದೆವು.